ಮೊಂಡಿ ಕಲಿತ ಹೆಜ್ಜೆ

ಊರಿನ ಅಂಚಿನ ಕುದುರೆ ಲಾಯದಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಪಾಠ ಹೇಳುವವರನ್ನು ಮೇಷ್ಟ್ರು ಅನ್ನದೆ ಇನ್ನೇನು ಅನ್ನಬೇಕು? ಅವರ ವಿದ್ಯಾರ್ಥಿಗಳಿಗೆ ನಾಲ್ಕು ಕಾಲಿದ್ದವು, ಬಾಯಿದ್ದರೂ ಮಾತಿರಲಿಲ್ಲ, ಹಾಗಾಗಿ ಎದುರುತ್ತರದ ತಾಪತ್ರಯ ಇರಲಿಲ್ಲ. ಸಿಟ್ಟು ಬಂದರೆ ಒದೆಯುತ್ತಿದ್ದವು, ಅಷ್ಟೇ. ಮನುಷ್ಯರ ಮಕ್ಕಳಿಗೆ ಪಾಠ ಹೇಳುವವರ ಪಾಡು ಇದಕ್ಕಿಂತ ಕಷ್ಟ ಎಂದು ಮೇಷ್ಟ್ರು ಆಗಾಗ ಹೇಳುತ್ತಿದ್ದರು. ತಮಾಷೆಗೆ ಹೇಳುತ್ತಿರಲಿಲ್ಲ, ನಿಜವಾಗಿಯೂ ಹಾಗೆ ನಂಬಿದ್ದರು.

ಲಾಯದ ಜೊತೆಗೇ ಒಂದು ಸವಾರಿ ಶಾಲೆ ಇತ್ತು. ವಾರದ ಕೊನೆಗೆ ಊರಿನವರು ಬಂದು, ಹೆಲ್ಮೆಟ್ ಹಾಕಿಕೊಂಡು, ಹೆದರಿಕೆಯಿಲ್ಲದವರ ಹಾಗೆ ಮುಖ ಮಾಡಿಕೊಂಡು ಕುದುರೆ ಹತ್ತುತ್ತಿದ್ದರು. ಹೀಗೆ ಯಾರೆಂದರೆ ಅವರು ಬೆನ್ನ ಮೇಲೆ ಕೂರುವುದನ್ನು ಕುದುರೆ ಸಹಿಸಬೇಕಾದರೆ, ಅದಕ್ಕೂ ಮೊದಲು ನೆಲದ ಮೇಲೆ ನಿಂತವನೊಬ್ಬ ಅದಕ್ಕೆ ಬೇಕಾದಷ್ಟು ಕಲಿಸಿರಬೇಕು. ನಿಲ್ಲುವುದು, ನಡೆಯುವುದು, ಹಿಂದೆ ಸರಿಯುವುದು, ಗೊರಸು ಎತ್ತಿಕೊಡುವುದು, ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಚೀಲವನ್ನು ನೋಡಿ ಪ್ರಾಣ ಹೋದಂತೆ ಆಡದಿರುವುದು. ಲಾಯದಲ್ಲಿ ಇದಕ್ಕೆ ನೆಲದ ಪಾಠ ಅನ್ನುತ್ತಿದ್ದರು. ಮೇಷ್ಟ್ರು ಜೀವಮಾನವಿಡೀ ಕಲಿಸಿದ್ದು ಇದನ್ನೇ. ಸ್ವತಃ ಅವರು ಕುದುರೆ ಹತ್ತುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಮೇಲೆ ಕೂತ್ರೆ ಅದರ ಮುಖ ಕಾಣಲ್ಲ" ಅನ್ನುತ್ತಿದ್ದರು.

ಲಾಯದ ಗೇಟಿನ ಪಕ್ಕದಲ್ಲಿ ಒಂದು ಕುರ್ಚಿ ಇತ್ತು. ಮರದ ಕುರ್ಚಿ, ಒಂದು ಕಾಲು ಗಿಡ್ಡ, ಅದರ ಕೆಳಗೆ ಮಡಿಸಿ ಇಟ್ಟ ರಟ್ಟು. ಮೇಷ್ಟ್ರಿಗೆ ಕೆಲಸ ಕಲಿಸಿದ ಹಳೇ ಮೇಷ್ಟ್ರ ಸೊಂಟ ಮುರಿದಾಗ ಲಾಯದ ಯಜಮಾನಿ ಅವರನ್ನು ಮನೆಗೆ ಕಳಿಸಲಿಲ್ಲ. ಆ ಕುರ್ಚಿ ಹಾಕಿಸಿ, "ಬಂದವರಿಗೆ ಚೀಟಿ ಕೊಡ್ತಾ ಕೂತಿರಿ" ಅಂದರು. ಯಜಮಾನಿಯ ಪ್ರಕಾರ ಅದು ದೊಡ್ಡ ಉಪಕಾರ. ಉಪಕಾರವೇ ಹೌದು ಅನ್ನಿ. ಆದರೆ ಕುರ್ಚಿಯ ಮುಖ ರಸ್ತೆಯ ಕಡೆಗಿತ್ತು. ಹಳೇ ಮೇಷ್ಟ್ರು ಕುದುರೆಗಳಿಗೆ ಬೆನ್ನು ಮಾಡಿ ಒಂದು ಮಳೆಗಾಲ ಕೂತರು, ಆಮೇಲೆ ಬರಲಿಲ್ಲ. ಕುರ್ಚಿ ಮಾತ್ರ ಅಲ್ಲೇ ಉಳಿಯಿತು. ಮೇಷ್ಟ್ರು ದಿನಾ ಗೇಟು ದಾಟುವಾಗ ಅದರ ಕಡೆ ನೋಡುತ್ತಿರಲಿಲ್ಲ. ಸಾಲ ಕೊಟ್ಟವನ ಅಂಗಡಿಯ ಮುಂದೆ ಹಾದುಹೋಗುವಾಗ ಎದುರುಗಡೆಯ ಗೋಡೆ ನೋಡುತ್ತಾರಲ್ಲ, ಹಾಗೆ.

ನೋಡದಿರಲು ಕಾರಣವಿತ್ತು. ಮೇಷ್ಟ್ರ ಎಡಗಾಲಿನ ಮೊಣಕಾಲು ಹೋದ ವರ್ಷ ಒಂದು ಬೆಳಗ್ಗೆ ಬಾಗುವುದಿಲ್ಲ ಎಂದು ಹಟ ಹಿಡಿಯಿತು. ಮೂಳೆ ಡಾಕ್ಟರು ಚಿತ್ರ ತೆಗೆಸಿ, ಬೆಳಕಿಗೆ ಹಿಡಿದು, ಆಪರೇಷನ್ ಮಾಡಿಸಬೇಕು, ಅಲ್ಲಿಯ ತನಕ ಮರಳಿನ ಮೇಲೆ ಮಾತ್ರ ನಡೆಯಬೇಡಿ ಅಂದರು. ಮೇಷ್ಟ್ರ ಕೆಲಸವೆಲ್ಲ ಲಾಯದ ಪಕ್ಕ ಬೇಲಿ ಹಾಕಿದ ಮರಳಿನ ಅಂಕಣದಲ್ಲೇ. ಅವರು ಸರಿ ಎಂದು ತಲೆಯಾಡಿಸಿ ಬಂದು ಮರಳಿನ ಮೇಲೆ ನಡೆದರು. ಯಾರಿಗೂ ಹೇಳಲಿಲ್ಲ. ಮೊಣಕಾಲಿಗೆ ಸುತ್ತುವ ಪಟ್ಟಿಯನ್ನು ಮೇವಿನ ಡ್ರಮ್ಮಿನ ಹಿಂದೆ ಬಚ್ಚಿಟ್ಟಿದ್ದರು. ಬೆಳಗ್ಗೆ ಜೀನು ಇಡುವ ಕೋಣೆಯ ಬಾಗಿಲು ಹಾಕಿಕೊಂಡು ಸುತ್ತಿಕೊಳ್ಳುವುದು, ಸಂಜೆ ಬಿಚ್ಚಿಡುವುದು. ಮನೆಯಲ್ಲಿ ಹೆಂಡತಿಯ ಮುಂದೆ ಮೇಜು, ಗೋಡೆ, ಬಾಗಿಲ ಚೌಕಟ್ಟು ಹೀಗೆ ಒಂದೊಂದನ್ನೇ ಸಹಜವಾಗಿ ಮುಟ್ಟಿದವರ ಹಾಗೆ ಮುಟ್ಟುತ್ತ ನಡೆಯುತ್ತಿದ್ದರು. ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡು ಊರಿನವರ ಬಟ್ಟೆ ಸರಿಮಾಡಿಕೊಡುತ್ತಿದ್ದಳು. ತಲೆ ತಗ್ಗಿಸಿ ಕೆಲಸ ಮಾಡುವವಳು, ಅವಳಿಗೇನು ಗೊತ್ತಾಗುತ್ತದೆ ಎಂಬುದು ಮೇಷ್ಟ್ರ ಧೈರ್ಯ. ಅದೂ ಅಲ್ಲದೆ ಈಚೆಗೆ ಪ್ಯಾಂಟು ಎಡಗಾಲಿಗೆ ಸಡಿಲವಾಗುತ್ತಿತ್ತು. ಬಾವು ಇಳಿಯುತ್ತಿದೆ ಎಂದು ಅವರು ಒಳಗೊಳಗೇ ಖುಷಿಪಟ್ಟಿದ್ದರು.

ಇಂಥ ಹೊತ್ತಿನಲ್ಲಿ ಮೊಂಡಿ ಬಂತು.

ಕಂದು ಬಣ್ಣದ ಹೆಣ್ಣು ಮರಿ. ಹಿಂದಿನ ಒಂದು ಕಾಲಿಗೆ ಮಾತ್ರ ಬಿಳಿ, ಆತುರದಲ್ಲಿ ಒಂದೇ ಕಾಲುಚೀಲ ಹಾಕಿಕೊಂಡು ಹೊರಟಂತೆ. ಯಾರೂ ಮುಟ್ಟದೆ ಬಯಲಲ್ಲೇ ಬೆಳೆದದ್ದು. ಲಾರಿಯ ಹಲಗೆಯ ಮೇಲಿಂದ ಕೆಳಗಿಳಿಯಲು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ತೆಗೆದುಕೊಂಡಿತು. ಅಷ್ಟರಲ್ಲಿ ಲಾರಿಯ ಡ್ರೈವರು ಅದಕ್ಕೆ ಇಟ್ಟಿದ್ದ ಹೆಸರುಗಳಲ್ಲಿ ಬಾಯಿ ಬಿಟ್ಟು ಹೇಳಬಹುದಾದದ್ದು ಮೊಂಡಿ ಒಂದೇ, ಅದೇ ಉಳಿಯಿತು.

ಮೇಷ್ಟ್ರ ಮೊದಲ ಪಾಠದಲ್ಲಿ ಕುದುರೆಗೆ ಏನೂ ಕೆಲಸವಿರುವುದಿಲ್ಲ. ಲಾಯದೊಳಗೆ ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ಕೂತು, ಅವರು ಪೇಪರು ಓದುತ್ತಾರೆ. ಗಟ್ಟಿಯಾಗಿ, ತಲೆಬರಹದಿಂದ ಹಿಡಿದು ನಿಧನ ವಾರ್ತೆಯವರೆಗೆ, ಒಂದೇ ದನಿಯಲ್ಲಿ. ಕುದುರೆಯ ಕಡೆ ನೋಡುವುದಿಲ್ಲ. ಮೊಂಡಿ ಮೂಲೆ ಸೇರಿ ನಡುಗಿತು. ಮರುದಿನವೂ ಅದೇ. ದಿನ ಕಳೆದಂತೆ ನಡುಗುವುದು ಬಿಟ್ಟು ಕಿವಿ ತಿರುಗಿಸತೊಡಗಿತು. ಹವಾಮಾನ ವರದಿಗೆ ಎರಡೂ ಕಿವಿ ಕೊಟ್ಟಿತು. ಕ್ರೀಡಾ ಪುಟಕ್ಕೆ ಬಂದಾಗ ಹಿಂದೆ ತಿರುಗಿ ಲದ್ದಿ ಹಾಕಿತು. ಕ್ರೀಡೆಯ ಬಗ್ಗೆ ಮೇಷ್ಟ್ರ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ ಆಗಿದ್ದರಿಂದ ಅವರಿಗೆ ಮರಿಯ ಮೇಲೆ ಗೌರವ ಹುಟ್ಟಿತು.

ಒಂದು ದಿನ ಅದು ತಾನಾಗಿ ಹತ್ತಿರ ಬಂದು, ಪೇಪರು ಮೂಸಿ, ಹವಾಮಾನದ ಮೂಲೆಯನ್ನು ಹರಿದು ತಿಂದಿತು. ಬೇರೆಯವರಾಗಿದ್ದರೆ ಕೈ ಚಾಚುತ್ತಿದ್ದರು. ಮೇಷ್ಟ್ರು ಎದ್ದು ಹೊರಗೆ ಹೋದರು. ಬಂದ ನೆಂಟರು ಬೇಗ ಎದ್ದು ಹೊರಟರೆ ಇನ್ನಷ್ಟು ಹೊತ್ತು ಇರಬಾರದಿತ್ತೆ ಅನ್ನಿಸುತ್ತದಲ್ಲ, ಹಾಗೆ ಅನ್ನಿಸಲಿ ಎಂದು. ಅನ್ನಿಸಿತು. ಮರುದಿನ ಮೊಂಡಿ ಬಾಗಿಲಲ್ಲೇ ಕಾಯುತ್ತಿತ್ತು.

ಅಲ್ಲಿಂದ ಮುಂದೆ ಸುರುಳಿ ಸುತ್ತಿದ ಹಗ್ಗದಿಂದ ಕತ್ತು, ಬೆನ್ನು, ಹೊಟ್ಟೆ ಸವರುವುದು. ಹಗ್ಗವೆಂದರೆ ಹಾವಲ್ಲ ಎಂದು ಅದಕ್ಕೆ ಮನವರಿಕೆಯಾಗಲು ಹಗ್ಗ ಸವೆಯುವಷ್ಟು ಸಮಯ ಬೇಕಾಯಿತು. ಆಮೇಲೆ ಹಗ್ಗ ಕಟ್ಟಲು ಮುಖಕ್ಕೆ ಪಟ್ಟಿ. ಆಮೇಲೆ ಪಕ್ಕೆಗೆ ಒಂದು ಬೆರಳಿಟ್ಟು ನಿಲ್ಲುವುದು. ತಳ್ಳುವುದಲ್ಲ, ಇಡುವುದು ಮಾತ್ರ. ಅದು ಯೋಚಿಸಿ, ನಿಟ್ಟುಸಿರಿಟ್ಟು, ಒಂದು ಹೆಜ್ಜೆ ಸರಿದ ಕ್ಷಣ ಬೆರಳು ತೆಗೆಯುವುದು. ಎದೆಯ ಮುಂದೆ ಕೈ ಹಿಡಿದರೆ ಹಿಂದಕ್ಕೆ. ಕಾಲು ಮುಟ್ಟಿದರೆ ಗೊರಸು ಮೇಲಕ್ಕೆ. ಕಣ್ಣೆದುರೇ ಛತ್ರಿ ಬಿಚ್ಚಿದರೆ ಮೊದಮೊದಲು ಅಂಕಣದ ಆ ತುದಿಗೆ ಓಡುತ್ತಿದ್ದದ್ದು, ಕೊನೆಗೆ ಛತ್ರಿಯೊಳಗೆ ತಲೆ ತೂರಿಸಿ ನಿಲ್ಲತೊಡಗಿತು.

ಇಷ್ಟೆಲ್ಲ ಆದಮೇಲೆ ಮೇಷ್ಟ್ರ ಹೆಮ್ಮೆಯ ಪಾಠ: ಭುಜಕ್ಕೆ ಭುಜ ಕೊಟ್ಟು ನಡೆಯುವುದು. ಮೇಷ್ಟ್ರು ಹೆಜ್ಜೆ ಇಟ್ಟರೆ ಅದೂ ಇಡಬೇಕು, ನಿಂತರೆ ನಿಲ್ಲಬೇಕು, ನಿಧಾನವಾದರೆ ನಿಧಾನ. ಹಗ್ಗ ಮಾತ್ರ ಇಬ್ಬರ ನಡುವೆ ಸಡಿಲವಾಗಿ ಜೋತಾಡುತ್ತಿರಬೇಕು. ಮೇಷ್ಟ್ರು ತಮ್ಮ ಇಡೀ ವೃತ್ತಿಯಲ್ಲಿ ಕುದುರೆಯನ್ನು ಎಳೆದವರಲ್ಲ. "ಎಳೆಯೋದಾದ್ರೆ ಕುದುರೆ ಯಾಕೆ, ಸೂಟ್‌ಕೇಸ್ ಸಾಕು" ಅನ್ನುತ್ತಿದ್ದರು. ಮೊಂಡಿ ಈ ಪಾಠವನ್ನು ಹಿಂದಿನ ಯಾವ ಕುದುರೆಯೂ ಕಲಿಯದಷ್ಟು ಚೆನ್ನಾಗಿ ಕಲಿಯಿತು. ಹಗ್ಗ ಬಿಚ್ಚಿದರೂ ಪಕ್ಕದಲ್ಲೇ ನಡೆಯುತ್ತಿತ್ತು. ಮೇಷ್ಟ್ರು ಅದರ ಕಡೆ ನೋಡುತ್ತಿರಲಿಲ್ಲ, ನೋಡದೆಯೇ ಅದರ ಉಸಿರು ತೋಳಿಗೆ ತಾಗುತ್ತಿತ್ತು. ಮೇಷ್ಟ್ರಿಗೆ ಆ ಮರಿಯ ಮೇಲೆ ಪ್ರೀತಿ ಹುಟ್ಟಿತ್ತು. ಅದನ್ನು ಅವರು ಯಾರ ಹತ್ತಿರವೂ ಹೇಳಲಿಲ್ಲ.

ಮೇಷ್ಟ್ರದೊಂದು ನಿಯಮವಿತ್ತು. ನೆಲದ ಪಾಠ ಮುಗಿಯುವವರೆಗೆ ಮರಿಯನ್ನು ಬೇರೆಯವರು ಮುಟ್ಟಕೂಡದು. ಯಜಮಾನಿಯ ಸೊಸೆ ಸವಾರಿ ಕಲಿಸುವವಳು, ಕುದುರೆ ಅಂದರೆ ಜೀವ. ಅವಳು ಬೇಲಿಯ ಹತ್ತಿರ ಬಂದು, "ಮೇಷ್ಟ್ರೇ, ನಾನೊಂದು ಸಲ ಹಿಡೀಲಾ?" ಎಂದು ಕೇಳುತ್ತಿದ್ದಳು.

"ಇನ್ನೂ ಹಸಿ ಇದೆ ಕಣಮ್ಮ."

"ಹೋದ ತಿಂಗಳೂ ಹಸಿ ಅಂದ್ರಿ."

"ಈ ತಿಂಗಳೂ ಒಣಗಿಲ್ಲ."

ಒಂದು ಮಧ್ಯಾಹ್ನ ಯಜಮಾನಿ ಮಹಡಿಯ ಕಿಟಕಿಯಿಂದ ತಲೆ ಹೊರಹಾಕಿದರು. ಯಜಮಾನಿ ಕಿಟಕಿಗೆ ಬಂದರೆಂದರೆ ಯಾರಿಗೋ ಗ್ರಹಚಾರ ಎಂದು ಲಾಯದಲ್ಲಿ ಎಲ್ಲರಿಗೂ ಗೊತ್ತಿತ್ತು.

"ಮೇಷ್ಟ್ರೇ, ಆ ಮರಿ ಕುಂಟ್ತಿದೆ."

ಮೇಷ್ಟ್ರ ಎದೆ ಧಸಕ್ಕೆಂದಿತು. ಮೊದಲು ತಮ್ಮ ಬಗ್ಗೆಯೇ ಅಂದರೇನೋ ಅನ್ನಿಸಿತ್ತು. ಮರಿ ಎಂದು ತಿಳಿದ ಮೇಲೆ ಧಸಕ್ಕೆಂದದ್ದು ಕಡಿಮೆಯಾಗಬೇಕಿತ್ತು, ಆಗಲಿಲ್ಲ. ಯಾಕೆಂದರೆ ಕುಂಟು ಕುದುರೆಯನ್ನು ಯಜಮಾನಿ ಇಟ್ಟುಕೊಳ್ಳುತ್ತಿರಲಿಲ್ಲ. ಗಾಡಿಯವನೊಬ್ಬ ಆಗಾಗ ಬಂದು ಅಂಥವನ್ನು ತುಂಬಿಕೊಂಡು ಹೋಗುತ್ತಿದ್ದ. ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಗೊತ್ತಿದ್ದದ್ದರಿಂದಲೇ ಕೇಳುತ್ತಿರಲಿಲ್ಲ.

ಲಾಳ ಹೊಡೆಯುವವನನ್ನು ಕರೆಸಿದರು. ಅವನು ಗೊರಸುಗಳನ್ನು ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು ಕೆರೆದು ನೋಡಿ, "ನನ್ನ ಹೆಂಡ್ತಿ ಅಡುಗೆಮನೇನೂ ಇಷ್ಟು ಚೊಕ್ಕ ಇಲ್ಲ" ಅಂದ. ಯಾವ ಕಾಲು ಎಂಬುದರ ಮೇಲೆ ವಾದ ಎದ್ದಿತು. ಯಜಮಾನಿ ಮುಂದಿನ ಎಡಗಾಲು ಅಂದರು. ಲಾಳದವನು ಹಿಂದಿನದು ಅಂದ. ಸೊಸೆ, "ಒಂದೊಂದು ಸಲ ಒಂದೊಂದು" ಅಂದಳು. ಅತ್ತೆ ಅವಳ ಕಡೆ ನೋಡಿದ ಮೇಲೆ ಸುಮ್ಮನಾದಳು.

ಆಮೇಲೆ ಪಶುವೈದ್ಯೆ ಬಂದರು. ಡಾಕ್ಟರಮ್ಮ ಕಾಲು ಒತ್ತಿ, ಮಡಿಸಿ, ಬಿಸಿಯಿದೆಯೇ ಎಂದು ಅಂಗೈ ಇಟ್ಟು ನೋಡಿದರು. ಕಲ್ಲುಚಪ್ಪಡಿಯ ಅಂಗಳದಲ್ಲಿ ಓಡಿಸಿ ತೋರಿಸಿ ಅಂದರು. ಓಡುವ ಮಾತು ಬಂದಾಗ ಮೇಷ್ಟ್ರು, ಹಸಿ ಮರಿ, ನಡೆಸಿಯೇ ತೋರಿಸುತ್ತೇನೆ ಎಂದು ಜಾರಿಕೊಂಡರು. ನಡೆಸಿದರು, ಮರಿ ಕುಂಟಿತು. ಬೇರೆಯವರು ಹಿಡಿಯಲಿ ಎಂದು ಸೊಸೆಗೆ ಹಗ್ಗ ಕೊಟ್ಟರೆ ಮೊಂಡಿ ಜಪ್ಪಯ್ಯ ಅಂದರೂ ಕದಲಲಿಲ್ಲ. ಹಗ್ಗ ಬಿಚ್ಚಿ ಬಿಟ್ಟರೆ ಎರಡೇ ಹೆಜ್ಜೆಯಲ್ಲಿ ಮೇಷ್ಟ್ರ ಪಕ್ಕ ಬಂದು ಭುಜಕ್ಕೆ ಭುಜ ಕೊಟ್ಟು ನಿಂತಿತು.

"ನನಗೆ ಕಾಲಲ್ಲಿ ಏನೂ ಸಿಗ್ತಿಲ್ಲ" ಅಂದರು ಡಾಕ್ಟರಮ್ಮ. "ಏನೂ ಇಲ್ಲ ಅಂತ ಹೇಳ್ತಿಲ್ಲ. ಸಿಗ್ತಿಲ್ಲ ಅಂತ ಹೇಳ್ತಿದ್ದೀನಿ. ಸ್ವಲ್ಪ ದಿನ ಬಿಟ್ಟು ಮತ್ತೆ ನೋಡ್ತೀನಿ."

"ತಿಂಗಳ ಕೊನೆಗೆ ಗಾಡಿಯವನು ಬರ್ತಾನೆ" ಅಂದರು ಯಜಮಾನಿ. "ಅವತ್ತೇ ನೋಡಿ. ನೆಟ್ಟಗೆ ನಡೆದ್ರೆ ಇರುತ್ತೆ, ಇಲ್ಲದಿದ್ರೆ ಹೋಗುತ್ತೆ." ಕಡ್ಡಿ ಮುರಿದಂತೆ ಹೇಳಿ ಮಹಡಿ ಹತ್ತಿದರು.

ಮೇಷ್ಟ್ರು ಊಟ ನಿದ್ದೆ ಬಿಟ್ಟು ಮರಿಯ ಕಾಲಿಗೆ ಬಿದ್ದರು. ಬಿಸಿನೀರು, ತಣ್ಣೀರು, ಒದ್ದೆ ಬಟ್ಟೆ. ನೋವಿನ ಎಣ್ಣೆಯ ಬಾಟಲಿ ಒಂದೇ ಇತ್ತು. ಅರ್ಧ ತಮ್ಮ ಮೊಣಕಾಲಿಗೆ, ಅರ್ಧ ಮೊಂಡಿಯ ಕಾಲಿಗೆ ತಿಕ್ಕಿದರು. ಇಬ್ಬರಿಂದಲೂ ಒಂದೇ ವಾಸನೆ ಬರತೊಡಗಿತು. ಮೊಂಡಿಯ ಕುಂಟು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಮೇಷ್ಟ್ರ ಮೊಣಕಾಲೂ ಆ ವಾರ ಹೆಚ್ಚೇ ನೋಯುತ್ತಿತ್ತು. ಈ ಎರಡಕ್ಕೂ ಸಂಬಂಧವಿದೆ ಎಂಬುದು ಅವರಿಗೆ ಹೊಳೆಯಲಿಲ್ಲ. ಇಷ್ಟು ವರ್ಷ ಕುದುರೆಗಳ ಕಿವಿ, ಬಾಲ, ಉಸಿರು ಎಲ್ಲ ಓದಿದ ಮನುಷ್ಯ. ತಾನು ಹೇಗೆ ನಡೆಯುತ್ತೇನೆಂದು ಒಂದು ಸಲವೂ ನೋಡಿಕೊಂಡಿರಲಿಲ್ಲ. ನೋಡಿಕೊಳ್ಳಲು ಇಷ್ಟವೂ ಇರಲಿಲ್ಲ ಅನ್ನುವುದೇ ಸರಿ.

ಒಂದು ದಿನ ಮೇಷ್ಟ್ರು ಊಟದ ಡಬ್ಬಿ ಮನೆಯಲ್ಲೇ ಮರೆತು ಬಂದರು. ಮಧ್ಯಾಹ್ನ ಹೆಂಡತಿ ಅದನ್ನು ಹಿಡಿದು ಲಾಯಕ್ಕೆ ಬಂದಳು. ಬರುವಾಗಲೇ ಗೊಣಗುತ್ತ ಬಂದವಳು, ಅಂಕಣದ ಬೇಲಿಗೆ ಕೈಯೂರಿ ನಿಂತು, ಮೇಷ್ಟ್ರು ಮರಿಯನ್ನು ಒಂದು ಸುತ್ತು ನಡೆಸುವವರೆಗೂ ನೋಡಿದಳು. ಇನ್ನೊಂದು ಸುತ್ತು ನೋಡಿದಳು. ಗೊಣಗುವುದು ನಿಂತಿತ್ತು.

"ಊಟ ಅಲ್ಲಿಡು" ಅಂದರು ಮೇಷ್ಟ್ರು. "ನೋಡಿದ್ಯಾ? ಕುಂಟ್ತಿದೆ. ಯಾಕೆ ಅಂತ ಯಾರಿಗೂ ಗೊತ್ತಾಗ್ತಿಲ್ಲ."

"ರೀ, ಅದು ಕುಂಟ್ತಿಲ್ಲ."

"ಮತ್ತೆ?"

"ನಿಮ್ಮನ್ನ ಕಾಯ್ತಿದೆ."

ಮೇಷ್ಟ್ರು ಮರಿಯ ಕಾಲಿನ ಕಡೆ ನೋಡಿದರು.

"ನೀವು ಎಡಗಾಲು ಎಳ್ಕೊಂಡು ಮುಂದಿಡೋತನಕ ಅದು ಅರ್ಧ ಹೆಜ್ಜೆ ತಡೀತಿದೆ. ನೀವಿಟ್ಟ ಮೇಲೆ ತಾನಿಡ್ತಿದೆ. ನೀವೇ ಹೇಳ್ಕೊಟ್ಟಿದ್ದಲ್ವಾ, ಜೊತೆಗೆ ನಡಿ ಅಂತ? ನಡೀತಿದೆ ಪಾಪ."

"ನನ್ನ ಕಾಲಿಗೆ ಏನಾಗಿದೆ? ಚೆನ್ನಾಗೇ ಇದೆ."

"ಪ್ಯಾಂಟಿನ ಎಡಗಾಲು ಬಿಚ್ಚಿ ಅಗಲ ಮಾಡಿ ಹೊಲಿದಿದ್ದು ಯಾರು ಅಂದ್ಕೊಂಡ್ರಿ?"

ಮೇಷ್ಟ್ರು ಬಕೆಟ್ಟು ಹುಡುಕಿ ಅದರ ಮೇಲೆ ಕೂತರು. "ಬಾವು ಇಳೀತು ಅಂದ್ಕೊಂಡಿದ್ದೆ" ಅಂದರು.

"ಮೂರು ಪ್ಯಾಂಟೂ ಬಿಚ್ಚಿದೀನಿ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವೇ ಹೇಳ್ತೀರ ಅಂತ ಕಾಯ್ತಿದ್ದೆ. ಮಾರ್ಕೆಟ್ಟಿಗೆ ಹೋಗುವಾಗ ನಿಮ್ಮ ಪಕ್ಕ ನಾನು ಹೇಗೆ ನಡೀತೀನಿ ನೋಡಿದ್ದೀರಾ? ಹೋದ ವರ್ಷದಿಂದ ನಾನೂ ಹೀಗೇ, ಹೆಜ್ಜೆ ತಡೆದು ತಡೆದು. ಪಕ್ಕದ ಬೀದಿಯವಳು ನಿಮಗೂ ಮಂಡಿ ನೋವಾ ಅಂತ ಕೇಳಿದ್ಲು. ಹೌದು ಅಂದೆ."

ಮೇಷ್ಟ್ರು ನೋಡಿರಲಿಲ್ಲ. ಹೆಂಡತಿ ಈಚೆಗೆ ನಿಧಾನವಾಗಿ ನಡೆಯುತ್ತಾಳೆ, ವಯಸ್ಸಾಯಿತು ಪಾಪ ಎಂದುಕೊಂಡಿದ್ದರು. ಅದು ನೆನಪಾಗಿ ಅವರಿಗೆ ನಾಚಿಕೆಯಾಯಿತು. ಮೊಂಡಿ ಡಬ್ಬಿಯ ಮುಚ್ಚಳ ಮೂಸುತ್ತಿತ್ತು.

"ಹೇಳಿಬಿಡಿ ಯಜಮಾನಿಗೆ."

"ಹೇಳಿದ್ರೆ ನನಗೆ ಕುರ್ಚಿ."

"ಹೇಳದಿದ್ರೆ ಇದಕ್ಕೆ ಗಾಡಿ."

ಮೇಷ್ಟ್ರು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ಮೊಂಡಿಗೆ ತಕ್ಕ ಮೇಷ್ಟ್ರು. ಹೆಂಡತಿ ಹೋದ ಮೇಲೆ ಪಟ್ಟಿ ಬಿಗಿಯಾಗಿ ಸುತ್ತಿಕೊಂಡು, ಹಲ್ಲು ಕಚ್ಚಿ, ಬೇಲಿಯುದ್ದಕ್ಕೂ ನೆಟ್ಟಗೆ ನಡೆದು ನೋಡಿದರು. ಮೊಂಡಿಯೂ ನೆಟ್ಟಗೆ ನಡೆಯಿತು, ಒಂಚೂರೂ ತಡೆಯಲಿಲ್ಲ. ಬೇಲಿಯ ತುದಿ ಮುಟ್ಟುವಷ್ಟರಲ್ಲಿ ಮೇಷ್ಟ್ರ ಅಂಗಿ ಬೆವರಲ್ಲಿ ತೊಯ್ದಿತ್ತು. ಆದರೂ ಸಮಾಧಾನವಾಯಿತು. ಗಾಡಿ ಬರುವ ದಿನ ಅಂಗಳದಲ್ಲಿ ಒಂದು ಸುತ್ತು ಹೀಗೆ ನಡೆದರೆ ಮುಗಿಯಿತು. ಮರಿಯೂ ಉಳಿಯುತ್ತದೆ, ಕುರ್ಚಿಯೂ ಖಾಲಿ ಉಳಿಯುತ್ತದೆ. ಮುಂದಿನದು ಮುಂದೆ.

ಆ ದಿನ ಗಾಡಿ ಬೆಳಗ್ಗೆಯೇ ಬಂದು, ಹಿಂದಿನ ಹಲಗೆ ಇಳಿಸಿಕೊಂಡು ಅಂಗಳದ ಪಕ್ಕ ನಿಂತಿತ್ತು. ಯಜಮಾನಿ ಮಹಡಿ ಇಳಿದು ಬಂದಿದ್ದರು. ಡಾಕ್ಟರಮ್ಮ ಬಂದಿದ್ದರು. ಸೊಸೆ ಇದ್ದಳು. ಏನೂ ಕೆಲಸವಿಲ್ಲದಿದ್ದರೂ ಲಾಳದವನು ಇದ್ದ. ಊಟದ ಹೊತ್ತು ಆಗದಿದ್ದರೂ ಹೆಂಡತಿ ಊಟದ ಡಬ್ಬಿ ಹಿಡಿದು ಬೇಲಿಯ ಹತ್ತಿರ ನಿಂತಿದ್ದಳು.

ಮೇಷ್ಟ್ರು ಪಟ್ಟಿಯನ್ನು ಕಾಲು ಮರಗಟ್ಟುವಷ್ಟು ಬಿಗಿದುಕೊಂಡು ಬಂದರು. ಹೆಜ್ಜೆ ಇಟ್ಟರು. ನೆಟ್ಟಗೆ. ಮೊಂಡಿಯೂ ನೆಟ್ಟಗೆ. ಅಂಗಳದ ಒಂದು ಬದಿ ಮುಗಿಯಿತು, ಯಜಮಾನಿ ತಲೆದೂಗಿದರು. ಮೂಲೆಯಲ್ಲಿ ತಿರುಗಬೇಕಿತ್ತು. ತಿರುಗುವಾಗ ಮೊಣಕಾಲಿನೊಳಗೆ ಏನೋ ಕಳಕ್ಕೆಂದಿತು. ಮೇಷ್ಟ್ರು ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಉಸಿರು ಮಾತ್ರ ಕಟ್ಟಿ ಹಿಡಿದರು, ಹಗ್ಗ ಹಿಡಿದ ಮುಷ್ಟಿ ಬಿಗಿಯಿತು. ಯಜಮಾನಿಗೆ ಅದು ಕಾಣಲಿಲ್ಲ. ಮೊಂಡಿಗೆ ಕಂಡಿತು.

ಅದು ನಿಂತುಬಿಟ್ಟಿತು. ತಲೆ ಎತ್ತಿ, ಕಣ್ಣಿನ ಬಿಳಿ ತೋರಿಸಿ, ಪಕ್ಕದಲ್ಲಿರುವವರು ಯಾರೋ ಹೊಸಬರು ಎಂಬಂತೆ ಮೇಷ್ಟ್ರನ್ನು ನೋಡಿತು. ಮೇಷ್ಟ್ರು ಮುಂದೆ ಹೆಜ್ಜೆ ಇಟ್ಟರು, ಅದು ಇಡಲಿಲ್ಲ. ನಡುವೆ ಜೋತಾಡುತ್ತಿದ್ದ ಹಗ್ಗ ಬಿಗಿಯಾಯಿತು. ಗಾಡಿಯ ಹಲಗೆ ಅಲ್ಲೇ ಪಕ್ಕದಲ್ಲಿತ್ತು. ಮೇಷ್ಟ್ರು ಹಗ್ಗ ಎಳೆದರು.

ಎಳೆದ ಮೇಲೆ ತಾವು ಎಳೆದದ್ದು ಅವರಿಗೆ ಗೊತ್ತಾಯಿತು. ಮೊಂಡಿ ನಡುಗುತ್ತಿತ್ತು, ಮೊದಲ ದಿನ ಮೂಲೆಯಲ್ಲಿ ನಿಂತು ನಡುಗಿದ ಹಾಗೇ. ಮೇಷ್ಟ್ರು ಕೈ ಸಡಿಲಿಸಿದರು. ಕಟ್ಟಿ ಹಿಡಿದ ಉಸಿರನ್ನು ಬಿಟ್ಟರು. ಆಮೇಲೆ ಯಜಮಾನಿಯ ಕಡೆ ತಿರುಗಿದರು.

"ಅಮ್ಮಾವ್ರೇ, ಕುಂಟು ಇದರ ಕಾಲಲ್ಲಿಲ್ಲ. ನನ್ನ ಕಾಲಲ್ಲಿದೆ."

"ಏನು ಹಾಗಂದ್ರೆ?"

ಮೇಷ್ಟ್ರು ಪ್ಯಾಂಟಿನ ಎಡಗಾಲು ಮೇಲಕ್ಕೆ ಮಡಚಿದರು. ಅಗಲವಾಗಿದ್ದರಿಂದ ಸಲೀಸಾಗಿ ಮಡಚಿಕೊಂಡಿತು. ಪಟ್ಟಿ ಬಿಚ್ಚಿದರು. ಡಾಕ್ಟರಮ್ಮ ಬಗ್ಗಿ, ಬೆರಳಿಂದ ಒತ್ತಿ ನೋಡಿ, "ಇದು ನನ್ನ ಲೆಕ್ಕಕ್ಕೆ ಬರೋ ಕಾಲಲ್ಲ. ಆದ್ರೂ ಹೇಳ್ತೀನಿ, ಕುಂಟಲೇಬೇಕಾದ ಕಾಲು" ಅಂದರು. ಮೇಷ್ಟ್ರು ಪಟ್ಟಿಯಿಲ್ಲದೆ, ಮುಚ್ಚುಮರೆಯಿಲ್ಲದೆ, ಎಲ್ಲರೆದುರು ಕುಂಟುತ್ತ ನಡೆದರು. ನಡುಕ ನಿಂತಿದ್ದ ಮೊಂಡಿ ಪಕ್ಕಕ್ಕೆ ಬಂದು, ಅವರು ತಡೆದಲ್ಲೆಲ್ಲ ತಡೆದು ನಡೆಯಿತು. ಲಾಳದವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

ಯಜಮಾನಿ ನಗಲಿಲ್ಲ. "ನಿಮ್ಮ ಕಾಲು ಹಾಳಾಗಿದೆ, ಒಪ್ಪಿದೆ. ಅದರ ಕಾಲು ಸರಿ ಇದೆ ಅಂತ ಹೇಗೆ ಒಪ್ಪೋದು? ನೀವಿಲ್ಲದೆ ನಡೆದು ತೋರಿಸ್ಲಿ."

ಸೊಸೆ ಹಗ್ಗ ಹಿಡಿದಳು. ಮೊಂಡಿ ಬೇರು ಬಿಟ್ಟವರ ಹಾಗೆ ನಿಂತಿತು. ಯಾರನ್ನೂ ಮುಟ್ಟಗೊಡದೆ ಕಲಿಸಿದ ಪಾಠದ ಫಲ ಇದು ಎಂದು ಮೇಷ್ಟ್ರಿಗೆ ಆಗ ಅರ್ಥವಾಯಿತು. ತಮ್ಮ ಪಕ್ಕಕ್ಕೆ ಬರುವುದೊಂದನ್ನು ಬಿಟ್ಟು ಬೇರೆ ದಾರಿಯನ್ನು ಅವರು ಅದಕ್ಕೆ ಕಲಿಸಿಯೇ ಇರಲಿಲ್ಲ. ಹಾಗಾದರೆ ಆ ದಾರಿಯನ್ನೇ ಉದ್ದ ಮಾಡಬೇಕು. ದೂರ ಹೋಗಿ ಕೂರಬೇಕು. ಆ ಕಾಲಲ್ಲಿ ನಿಲ್ಲುವುದು ಇನ್ನು ಸಾಧ್ಯವಿರಲಿಲ್ಲ. ಅಂಗಳದಾಚೆ, ಕಲ್ಲುಚಪ್ಪಡಿ ನೇರವಾಗಿ ಹೋಗಿ ಮುಟ್ಟುವ ಕಡೆ, ಕೂರುವಂಥದ್ದು ಒಂದೇ ಇತ್ತು.

ಮೇಷ್ಟ್ರು ಗೇಟಿನವರೆಗೆ ಕುಂಟಿಕೊಂಡು ಹೋದರು. ಇಷ್ಟು ದಿನ ನೋಡದೆ ದಾಟಿದ ಕುರ್ಚಿಯನ್ನು ನೋಡಿದರು. ಅದರ ಬೆನ್ನು ಹಿಡಿದು, ರಸ್ತೆಯ ಕಡೆಗಿದ್ದ ಮುಖವನ್ನು ಅಂಗಳದ ಕಡೆಗೆ ತಿರುಗಿಸಿ ಕೂತರು. ತಿರುಗಿಸುವಾಗ ರಟ್ಟು ಜಾರಿ ಕುರ್ಚಿ ಒಂದು ಪಕ್ಕಕ್ಕೆ ವಾಲಿತು. ಗೇಟಿನ ಸಂದಿಯಲ್ಲಿ ಆ ದಿನದ ಪೇಪರಿತ್ತು. ಬಿಡಿಸಿ, ಗಟ್ಟಿಯಾಗಿ, ಒಂದೇ ದನಿಯಲ್ಲಿ ಓದತೊಡಗಿದರು.

"ನಾಳೆ ಭಾಗಶಃ ಮೋಡ ಕವಿದ ವಾತಾವರಣವಿದ್ದು, ಸಂಜೆಯ ವೇಳೆಗೆ..."

ಮೊಂಡಿಯ ಎರಡೂ ಕಿವಿ ಆ ಕಡೆ ತಿರುಗಿದವು. ಒಂದು ಹೆಜ್ಜೆ ಇಟ್ಟಿತು. ಸೊಸೆ ಹಗ್ಗ ಸಡಿಲ ಬಿಟ್ಟು ಜೊತೆಗೆ ಹೆಜ್ಜೆ ಇಟ್ಟಳು. ನಡಿಗೆ ಬಿರುಸಾಯಿತು, ಬಿರುಸಾದದ್ದು ಓಟವಾಯಿತು, ಸೊಸೆ ಪಕ್ಕದಲ್ಲೇ ಓಡಿದಳು. ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡು ಕಲ್ಲಿನ ಮೇಲೆ ಬೀಳುವ ಗೊರಸಿನ ಸದ್ದು ಕೇಳಿದರು. ಅಂಗಳದುದ್ದಕ್ಕೂ ಆ ಸದ್ದಿನಲ್ಲಿ ಒಂದು ತಡೆಯೂ ಇರಲಿಲ್ಲ. ಮೊಂಡಿ ಕುರ್ಚಿಯ ಮುಂದೆ ನಿಂತು, ಹವಾಮಾನವನ್ನು ಹರಿದು ಬಾಯಿಗೆ ಹಾಕಿಕೊಂಡಿತು.

"ಕುದುರೆ ಸರಿ ಇದೆ" ಅಂದರು ಡಾಕ್ಟರಮ್ಮ.

ಗಾಡಿಯವನು ಹಲಗೆ ಎತ್ತಿ ಕೊಂಡಿ ಹಾಕಿದ. ಯಜಮಾನಿ ಕುರ್ಚಿಯ ಹತ್ತಿರ ಬಂದರು. "ಹೇಗಿದೆ ಕುರ್ಚಿ?" ಎಂದು ಕೇಳಿದರು.

"ಒಂದು ಕಾಲು ಗಿಡ್ಡ ಇದೆ" ಅಂದರು ಮೇಷ್ಟ್ರು.

"ಕೂತಿರಿ" ಅಂದರು ಯಜಮಾನಿ. ಅಲ್ಲಿಗೆ ಮೇಷ್ಟ್ರ ಮೇಷ್ಟ್ರುಗಿರಿ ಮುಗಿಯಿತು. ಅವರು ಪೇಪರಿನ ಉಳಿದ ಭಾಗವನ್ನು ಮುಖಕ್ಕೆ ಅಡ್ಡ ಹಿಡಿದು ಬಹಳ ಹೊತ್ತು ಓದಿದರು. ಅತ್ತದ್ದು ಯಾರಿಗೂ ಕಾಣಲಿಲ್ಲ. ಮೊಂಡಿಗೆ ಕಂಡಿರಬಹುದು, ಅದು ಪೇಪರಿನ ಒಳಪಕ್ಕದಲ್ಲಿತ್ತು.

ಆಪರೇಷನ್ ಆಯಿತು. ಮೂಳೆ ಡಾಕ್ಟರು ಒಳ್ಳೆಯ ಕೆಲಸಗಾರರು, ಮೊಣಕಾಲು ನೆಟ್ಟಗಾಯಿತು. ಆದರೆ ಮರಿ ಕುದುರೆಗಳ ಒದೆತ ಇನ್ನು ಬೇಡ ಅಂದರು. ಮರಳಿನ ಅಂಕಣ ಈಗ ಸೊಸೆಯದು. ಮೇಷ್ಟ್ರು ಗೇಟಿನ ಹತ್ತಿರ ಕೂತು ಬಂದವರಿಗೆ ಚೀಟಿ ಕೊಡುತ್ತಾರೆ. ಕುರ್ಚಿಯ ಮುಖ ಅಂಗಳದ ಕಡೆಗೇ ಇದೆ, ಚೀಟಿ ಬೇಕಾದವರು ಸುತ್ತು ಹಾಕಿ ಮುಂದೆ ಬರಬೇಕು. ಯಜಮಾನಿ ಕಿಟಕಿಯಿಂದ ಇದನ್ನು ನೋಡಿದ್ದಾರೆ, ಏನೂ ಅಂದಿಲ್ಲ. ಅಂಕಣದಲ್ಲಿ ಹೊಸ ಮರಿಯ ಹಗ್ಗ ಬಿಗಿಯಾದರೆ ಗೇಟಿನಿಂದ "ಸಡಿಲ" ಎಂಬ ದನಿ ಕೇಳುತ್ತದೆ. ಸೊಸೆ, "ಗೊತ್ತು ಮೇಷ್ಟ್ರೇ" ಅನ್ನುತ್ತಾಳೆ. ಮೇಷ್ಟ್ರ ಹಳೆಯ ನಿಯಮ ಮಾತ್ರ ಈಗಿಲ್ಲ. ಹೊಸ ಮರಿಗಳನ್ನು ಎಲ್ಲರೂ ಮುಟ್ಟುತ್ತಾರೆ.

ಮೊಂಡಿಯ ಬೆನ್ನ ಮೇಲೆ ಈಗ ಹೆಲ್ಮೆಟ್ಟಿನವ‍ರು ಕೂರುತ್ತಾರೆ. ಎಲ್ಲರ ಜೊತೆಯೂ ನೆಟ್ಟಗೆ ನಡೆಯುತ್ತದೆ. ಸಂಜೆ ಅದನ್ನು ನೀರಿನ ತೊಟ್ಟಿಗೆ ಕರೆದುಕೊಂಡು ಹೋಗುವುದು ಮಾತ್ರ ಮೇಷ್ಟ್ರ ಪಾಲಿಗೆ ಉಳಿದ ಕೆಲಸ. ಆ ಹೊತ್ತಿಗೆ ಹೆಂಡತಿಯೂ ಹೊಲಿಗೆ ಮುಗಿಸಿ ಅವರನ್ನು ಕರೆದೊಯ್ಯಲು ಬಂದಿರುತ್ತಾಳೆ. ಆಪರೇಷನ್ ಆದ ಮೇಲೆ ಮೊದಲ ಸಲ ಮೂವರೂ ತೊಟ್ಟಿಯ ಕಡೆ ಹೊರಟಾಗ ಮೇಷ್ಟ್ರು ಸರಸರ ನಾಲ್ಕು ಹೆಜ್ಜೆ ಹೋಗಿ, ಪಕ್ಕದಲ್ಲಿ ಯಾರೂ ಇಲ್ಲವೆಂದು ತಿರುಗಿ ನೋಡಿದರು. ಒಂದು ಕಡೆ ಮೊಂಡಿ, ಇನ್ನೊಂದು ಕಡೆ ಹೆಂಡತಿ, ಇಬ್ಬರೂ ಅವರ ಎಡಗಾಲು ಬರಲಿ ಎಂದು ಅರ್ಧ ಹೆಜ್ಜೆ ತಡೆದು, ಆಮೇಲೆ ತಮ್ಮ ಹೆಜ್ಜೆ ಇಡುತ್ತಿದ್ದರು.

"ನನ್ನ ಕಾಲು ಸರಿಹೋಗಿದೆ ಕಣೇ" ಅಂದರು ಮೇಷ್ಟ್ರು.

"ಹೌದಲ್ಲ" ಅಂದಳು ಹೆಂಡತಿ. "ಅಭ್ಯಾಸ ಆಗಿಬಿಟ್ಟಿದೆ."

ಮೇಷ್ಟ್ರು ಹಿಂದಕ್ಕೆ ಬಂದು ಇಬ್ಬರ ನಡುವೆ ನಿಂತರು. ಹಗ್ಗ ಸಡಿಲ ಬಿಟ್ಟರು. ಏನೂ ನೋವಿಲ್ಲದ ಎಡಗಾಲನ್ನು ಕೊಂಚ ತಡೆದು ಮುಂದಿಟ್ಟರು. ಮೂವರೂ ಕುಂಟುತ್ತ ತೊಟ್ಟಿಯ ಕಡೆ ಹೋದರು.